ಹನ್ನೆರಡನೇ ಖಾನೆ

ಹೋದ ತಿಂಗಳು ಜಹಾಜ್ ಮಾಸ್ತರರ ಹೆಂಡತಿ ತೀರಿಕೊಂಡರು. ಮಣ್ಣಿಗೆ ಹೋಗಿ ಬಂದು, ಸ್ನಾನ ಮಾಡಿ ಕೂತಾಗ ನನಗೆ ಮೊದಲು ಅನ್ನಿಸಿದ್ದು ದುಃಖವಲ್ಲ. ಇನ್ನು ಬಾಯಿ ಬಿಡಬಹುದು ಎಂದು ಅನ್ನಿಸಿತು. ಆ ತಾಯಿಗೆ ನಾನೊಂದು ಸುಳ್ಳು ಹೇಳಿದ್ದೆ. ಅವರು ಆ ಸುಳ್ಳಿನ ಕಾಗದವನ್ನು ದೇವರ ಜಗಲಿಯ ಮೇಲಿಟ್ಟು ದಿನಾ ಕೈಮುಗಿಯುತ್ತಿದ್ದರು. ಇನ್ನು ನನ್ನನ್ನು ಕೇಳುವವರು ಯಾರೂ ಉಳಿದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನಿಜಾಮರ ಆಳ್ವಿಕೆಯ ಕಾಲ ಅದು. ನಾನು ಕಲಬುರಗಿಯ ಒಂದು ಕಚೇರಿಯಲ್ಲಿ ನಕಲು ಗುಮಾಸ್ತನಾಗಿದ್ದೆ. ಉರ್ದು ಕಾಗದವನ್ನು ನೋಡಿ ಉರ್ದುವಿನಲ್ಲಿ, ಇಂಗ್ಲಿಷ್ ಕಾಗದವನ್ನು ನೋಡಿ ಇಂಗ್ಲಿಷಿನಲ್ಲಿ ಇನ್ನೊಂದು ಪ್ರತಿ ಮಾಡುವುದು ನನ್ನ ಕೆಲಸ. ಕನ್ನಡಕ್ಕೆ ಕಚೇರಿಯಲ್ಲಿ ಜಾಗವಿರಲಿಲ್ಲ. ಬರೆದದ್ದು ಅರ್ಥವಾಗಬೇಕೆಂದು ಯಾರೂ ನನ್ನಿಂದ ಬಯಸುತ್ತಿರಲಿಲ್ಲ, ಅಕ್ಷರ ದುಂಡಗಿದ್ದರೆ ಸಾಕಿತ್ತು. ನನ್ನ ಅಕ್ಷರ ದುಂಡಗೇ ಇತ್ತು. ಅದರ ಸೊಕ್ಕೂ ನನಗೆ ಬೇಕಾದಷ್ಟಿತ್ತು. ಆ ಸೊಕ್ಕಿನಿಂದಲೇ ಈ ಕಥೆ ಕೆಟ್ಟಿದ್ದು, ಮೊದಲೇ ಹೇಳಿಬಿಡುತ್ತೇನೆ.

ಜಹಾಜ್ ಮಾಸ್ತರರು ಸೇಡಂ ರಸ್ತೆಯ ಕಡೆ ಒಂದು ಕಲ್ಲಿನ ಮನೆಯಲ್ಲಿದ್ದರು. ವರ್ತಕರ ಮನೆಯ ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡುತ್ತಿದ್ದರಿಂದ ಮಾಸ್ತರ. ಅದಕ್ಕೂ ಮುಂಚೆ ಬಹಳ ವರ್ಷ ಮುಂಬಯಿಯ ಕಡೆ ಹಡಗಿನಲ್ಲಿದ್ದರು, ಹಾಗಾಗಿ ಜಹಾಜ್ ಮಾಸ್ತರ. ಅದು ಸರಕಿನ ಹಡಗಲ್ಲ, ಯುದ್ಧದ ಹಡಗೂ ಅಲ್ಲ. ಸಮುದ್ರ ಎಲ್ಲಿ ಎಷ್ಟು ಆಳ, ನೀರು ಎಷ್ಟು ತಣ್ಣಗೆ, ತಳದಲ್ಲಿ ಎಂಥ ಮಣ್ಣು, ಎಂಥ ಹುಳ ಎಂದು ನೋಡಿ ಬರೆದಿಡುವ ಹಡಗು. ಅದರಲ್ಲಿ ಇವರು ಬರೆಯುವ ಗುಮಾಸ್ತ. ಸಮುದ್ರವನ್ನು ಕನಸಿನಲ್ಲೂ ಕಾಣದ ನಮ್ಮ ಊರಿಗೆ ಇಂಥವರು ಸಿಕ್ಕರೆ ಬಿಟ್ಟಾರೆಯೇ!

"ಏನ್ರೀ ಮಾಸ್ತರ, ನಿಮ್ಮ ಜಹಾಜ್ ಕೆರಿಗೆ ಯಾವಾಗ ಬರ್ತದ್ರೀ?" ಎಂದು ಗಂಜ್‌ನಲ್ಲಿ ತೊಗರಿ ಅಳೆಯುವವರು ಕೂಗುತ್ತಿದ್ದರು.

"ಕೆರ್‍ಯಾಗ ನೀರು ಎಷ್ಟು ಮಾರು ಅದ ಅಂತ ಅಳದು ಬರದು ಕೊಡ್ರಿ. ಆಮ್ಯಾಲ ತರಸ್ತೀನಿ," ಎನ್ನುತ್ತಿದ್ದರು ಅವರು, ನಗದೆ.

ಅವರು ಮಾತಿಗೊಮ್ಮೆ ಎರಡೂ ಕೈ ಚಾಚಿ ಮಾರು ಹಾಕಿ ತೋರಿಸುವರು. ಸಮುದ್ರದ ಆಳವನ್ನೂ ನಮ್ಮ ಹಗ್ಗದ ಹಾಗೆ ಮಾರಿನಲ್ಲೇ ಅಳೆಯುತ್ತಾರಂತೆ. ಅಂಗಡಿಯಲ್ಲಿ ಹಗ್ಗ ಕೊಳ್ಳುವಾಗ ಅವರು ಕೈ ಚಾಚಿದ್ದನ್ನು ನೋಡಿ ಜನ ದಾರಿ ಬಿಡುತ್ತಿದ್ದರು. ಏನನ್ನೇ ಬರೆಯುವ ಮುಂಚೆ ಗಡಿಯಾರ ನೋಡಿ, ಅಂಗಳಕ್ಕೆ ಬಂದು ಸೂರ್ಯನನ್ನೂ ಒಮ್ಮೆ ನೋಡುವರು. ಎರಡೂ ಒಪ್ಪಿದರೆ ಮಾತ್ರ ಬರೆಯುವುದು. ಅವರ ಹೆಂಡತಿ ನನ್ನ ಮುಂದೆ ಹೇಳಿಕೊಳ್ಳುತ್ತಿದ್ದರು, "ರೊಟ್ಟಿ ಹೊತ್ತೇದ ಅಂದ್ರ, ಯಾವಾಗ ಹೊತ್ತಿತು, ಯಾರು ನೋಡಿದ್ರು, ಯಾರು ಹೇಳಿದ್ರು ಅಂತ ಕೇಳತಾರ ನೋಡ್ರಿ. ಹೆಂಗ ಬಾಳೇ ಮಾಡ್ಲಿ ಇಂಥವರ ಜೋಡಿ?"

ನಾನು ಅವರ ಮನೆಗೆ ಹೋಗತೊಡಗಿದ್ದು ಅಕ್ಷರದ ಕಾರಣಕ್ಕೆ. ಅವರ ಕಣ್ಣಿಗೆ ಪೊರೆ ಬಂದಿತ್ತು. ಬರೆಯಲು ಬರುತ್ತಿರಲಿಲ್ಲ. ಆದರೆ ಬರೆಸಬೇಕಾದದ್ದು ಒಂದಿತ್ತು. ಅದನ್ನು ಅವರು ನಮೂನಾ ಎನ್ನುತ್ತಿದ್ದರು. ಅಗಲವಾದ ಒಂದು ಹಾಳೆ, ಅದರಲ್ಲಿ ಗೆರೆ ಎಳೆದ ಖಾನೆಗಳು. ಹಡಗಿನ ಮೇಲೆ ಯಾರು ಏನೇ ಮಾಡಲಿ, ನೀರಿಗೆ ದಾರ ಬಿಡಲಿ, ಬಲೆ ಬಿಡಲಿ, ದೋಣಿ ಇಳಿಸಲಿ, ಒಂದು ಕೆಲಸಕ್ಕೆ ಒಂದು ಸಾಲು. ಎಲ್ಲಿ, ಯಾವ ಸಲಕರಣೆ, ಯಾವಾಗ ಇಳಿಯಿತು, ಯಾವಾಗ ಮೇಲೆ ಬಂತು, ಮಾಡಿದವರು ಯಾರು, ಬರೆದವರು ಯಾರು. ಎಲ್ಲ ಹಡಗಿಗೂ ಇದೇ ಹಾಳೆ, ಇದೇ ಗಡಿಯಾರ, ಇದೇ ಅಳತೆ ಇರಬೇಕು ಎನ್ನುವುದು ಅವರ ಹಟ. ಮುಂಬಯಿ, ಕಲಕತ್ತೆ, ಕೊಲಂಬೊ ಕಡೆಯ ಹಡಗಿನ ಕಚೇರಿಗಳಿಗೆ ಅದನ್ನು ಕಳಿಸಿ ಒಪ್ಪಿಸಬೇಕು.

"ಅಷ್ಟು ದೊಡ್ಡ ಸಾಹೇಬರಿಗೆ ನಾವು ಹೇಳಬೇಕೇನ್ರೀ?" ಎಂದು ನಾನು ಒಮ್ಮೆ ಕೇಳಿದೆ.

ಅವರು ನಾಲ್ಕು ಬೆರಳು ಎತ್ತಿದರು. "ಕಪ್ತಾನ ಹಳೇ ಕಾಲದಂವ. ಅವನ ಪುಸ್ತಕದಾಗ ದಿನ ನಡು ಮಧ್ಯಾಹ್ನಕ್ಕ ಹುಟ್ಟತದ. ಹುಳ ನೋಡೋ ಡಾಕ್ಟರಂದು ಅರ್ಧ ರಾತ್ರಿಗೆ. ಖಲಾಸಿಗಳ ಮುಖ್ಯಸ್ಥ, ಸಾರಂಗ ಅಂತೀವಿ, ಮುಸಲ್ಮಾನ. ಅವಂಗ ಹೊತ್ತು ಮುಣುಗಿದ ಕೂಡ್ಲೇ ಮರುದಿನ. ನನಗ ನಿನಗ ಹೊತ್ತು ಹುಟ್ಟಿದ ಮ್ಯಾಲ. ಒಂದಽ ಹಡಗ, ನಾಕು ದಿನ. ಮಂಗಳವಾರ ಸಂಜೀಕ ಹಿಡದ ಒಂದು ಮೀನ ಎರಡು ಪುಸ್ತಕದಾಗ ಎರಡು ದಿನ ಸತ್ತದ. ಹೇಳು, ಯಾವುದು ಖರೇ?"

ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಅವರು ನಗಲಿಲ್ಲ. ಮೀನಿನ ವಿಷಯ ಅವರು ಹೇಳುತ್ತಿರಲಿಲ್ಲ ಎಂದು ನನಗೆ ಆಗ ತಿಳಿಯಲಿಲ್ಲ.

ಖಾನೆಗಳು ಹನ್ನೆರಡು. ಹನ್ನೊಂದರ ತನಕ ನನಗೆ ತಕರಾರಿರಲಿಲ್ಲ. ಹನ್ನೆರಡನೆಯದರ ತಲೆಬರಹ ಅವರು ಹೇಳಿದಂತೆ ಹೀಗಿತ್ತು: ಹೇಳಿದವನ ಮಾತು, ಅವನದೇ ಭಾಷೆಯಲ್ಲಿ, ಅವನ ಬಾಯಿಂದ ಬಂದ ಹಾಗೆ. ಖಲಾಸಿಯೊಬ್ಬ ಬಂದು ಏನಾದರೂ ತಿಳಿಸಿದರೆ, ಗುಮಾಸ್ತ ಅದನ್ನು ಇಂಗ್ಲಿಷ್ ಮಾಡಿ ಬರೆಯುವುದಲ್ಲದೆ, ಅವನು ಕೊಂಕಣಿಯಲ್ಲಿ ಅಂದನೋ, ದಖ್ಖನಿಯಲ್ಲಿ ಅಂದನೋ, ಅದೇ ಮಾತನ್ನು ಪಕ್ಕದಲ್ಲಿ ಬರೆಯಬೇಕು. ನನಗೆ ಇದು ಮುದುಕರ ಹುಚ್ಚು ಅನ್ನಿಸಿತು. ಗೋರಾ ಸಾಹೇಬರು ಖಲಾಸಿಯ ಮಾತು ಕಟ್ಟಿಕೊಂಡು ಏನು ಮಾಡುತ್ತಾರೆ? ಅಲ್ಲದೆ ಆ ಖಾನೆ ಅಗಲ ಬೇಡುತ್ತಿತ್ತು. ಅದನ್ನು ಹಿಡಿಸಲು ಹೋದರೆ ಉಳಿದ ಹನ್ನೊಂದು ಇಕ್ಕಟ್ಟಾಗಿ ನನ್ನ ಅಕ್ಷರ ಕುಗ್ಗುತ್ತಿತ್ತು.

ಬಿಟ್ಟುಬಿಟ್ಟೆ. ಹನ್ನೊಂದೇ ಖಾನೆಯ ಆರು ಪ್ರತಿ ಮಾಡಿದೆ. ಎಷ್ಟು ಚೆಂದ ಬಂದವು ಅಂತೀರಿ! ಅವರು ಕಣ್ಣು ಕಾಣದೆ, ನಾನು ಬೆರಳಿಟ್ಟು ತೋರಿಸಿದಲ್ಲಿ ಆರಕ್ಕೂ ಸಹಿ ಹಾಕಿದರು. ಒಂದನ್ನು ನಮ್ಮಲ್ಲೇ ಇಟ್ಟುಕೊಂಡು, ಉಳಿದ ಐದನ್ನು ಟಪಾಲಿಗೆ ನಾನೇ ಹಾಕಿ ಬಂದೆ. ಅವರಿಗೆ ಹೇಳಲಿಲ್ಲ.

ನಾಲ್ಕಾರು ತಿಂಗಳಾದರೂ ಜವಾಬು ಬರಲಿಲ್ಲ. ಒಂದು ಭಾನುವಾರ ಮುಂಜಾನೆ ಅವರು, "ನಮ್ಮಲ್ಲಿ ಉಳಿದ ಪ್ರತಿ ಓದು. ಎಲ್ಲೆರೆ ತಪ್ಪಾಗೇದೇನು ನೋಡೂಣು," ಎಂದರು. ನಾನು ತಲೆಬರಹಗಳನ್ನು ಒಂದೊಂದಾಗಿ ಓದಿದೆ. ಅವರು ಹೆಬ್ಬೆರಳಿನಿಂದ ಬೆರಳ ಗೆಣ್ಣು ಎಣಿಸುತ್ತಾ ಹೋದರು. ಹನ್ನೊಂದಕ್ಕೆ ನಾನು ನಿಂತೆ. ಅವರ ಹೆಬ್ಬೆರಳು ಹನ್ನೆರಡನೇ ಗೆಣ್ಣಿನ ಮೇಲೆ ನಿಂತಿತ್ತು.

"ಮುಂದ?"

"ಇಷ್ಟೇರೀ."

"ಮುಂದ ಓದೋ."

"ಅದು... ಹಿಡಿಸಲಿಲ್ರೀ. ಬಿಟ್ಟೀನಿ."

ಬೈಯುತ್ತಾರೆ ಎಂದು ತಲೆ ತಗ್ಗಿಸಿ ಕೂತೆ. ಒಂದು ಏಟು ಕೊಟ್ಟಿದ್ದರೂ ಈಗ ಇಷ್ಟು ನೋಯುತ್ತಿರಲಿಲ್ಲ. ಅವರು ಸದ್ದಿಲ್ಲದೆ ಎದ್ದು, ಗೋಡೆ ಹಿಡಿದು ಒಳಗೆ ಹೋಗಿ, ಪೆಟ್ಟಿಗೆಯಿಂದ ಒಂದು ಹಗ್ಗ ತಂದರು. ಬೆರಳು ದಪ್ಪದ ಹಗ್ಗ, ಉಪ್ಪು ಹಿಡಿದು ಬೆಳ್ಳಗಾಗಿತ್ತು. ಮೈಯೆಲ್ಲಾ ಗಂಟು. ನಡುವೆ ಒಂದು ಗಂಟಿನಲ್ಲಿ ಹಸಿರು ಬಟ್ಟೆಯ ಚೂರೊಂದು ಕಟ್ಟಿತ್ತು.

"ನೀ ಮಾಡಿದ್ದು ನಾನೂ ಮಾಡೀನಿ," ಎಂದರು. "ನಾನೂ ಒಬ್ಬನ ಮಾತು ಬಿಟ್ಟೀನಿ. ಕುಂಡ್ರು, ಹೇಳ್ತೀನಿ. ಇದು ಅಕಿಗೂ ಗೊತ್ತಿಲ್ಲ," ಎಂದು ಅಡುಗೆಮನೆಯ ಕಡೆ ಕೈ ಮಾಡಿದರು.

ಮಾಸ್ತರರ ತಾಯಿಯ ತವರು ಕಮಲಾಪುರ. ಅವರು ಬೆಳೆದದ್ದೂ ಅಲ್ಲೇ. ಪಕ್ಕದ ಮನೆಯವನು ಕಾಶೀಮ, ಓರಗೆಯವನು. ಕಾಶೀಮನ ಮನೆತನದವರು ಬಾವಿಗೆ ಇಳಿಯುವವರು, ಬಾಳೆ ತೋಟದ ಬಾವಿಗಳ ಹೂಳು ತೆಗೆಯುವುದು, ಬಿದ್ದ ಕೊಡವನ್ನು ಪಾತಾಳಗರಡಿ ಬಿಟ್ಟು ಎತ್ತುವುದು ಅವರ ಕಸುಬು. ಕಾಶೀಮನ ತಾಯಿ ಹುಸೇನಬಿ ಇಬ್ಬರನ್ನೂ ಒಂದೇ ಅಂಗಳದಲ್ಲಿ ಆಡಿಸಿದವಳು. ಮಾಸ್ತರರಿಗೆ ಹಡಗಿನಲ್ಲಿ ಕೆಲಸ ಸಿಕ್ಕ ಮೇಲೆ, ಸಮುದ್ರದ ತಳಕ್ಕೆ ಬಿಡುವ ಕಬ್ಬಿಣದ ಬಲೆಯನ್ನು ನೋಡಿದರಂತೆ. ಇದು ನಮ್ಮ ಪಾತಾಳಗರಡಿಯೇ ಅಲ್ಲವೇ ಎನ್ನಿಸಿ, ಊರಿಗೆ ಬಂದಾಗ ಕಾಶೀಮನನ್ನು ಕರೆದುಕೊಂಡು ಹೋದರು. ಹುಸೇನಬಿ ಅತ್ತಳು. "ನನ್ನ ಜೋಡಿ ಇರ್ತಾನವ್ವ, ನಾ ಹೊಳ್ಳಿ ತರ್ತೀನಿ," ಎಂದು ಮಾತು ಕೊಟ್ಟು ಹೋದರು.

ಅಷ್ಟು ದೊಡ್ಡ ಹಡಗಿನಲ್ಲಿ ಕನ್ನಡ ಆಡುವವರು ಇವರಿಬ್ಬರೇ. ಕಾಶೀಮನ ಮನೆ ಮಾತು ದಖ್ಖನಿ. ಆದರೆ ಮಾಸ್ತರರ ಜೊತೆ ಅವನು ಕನ್ನಡ ಬಿಟ್ಟು ಬೇರೆ ಆಡುತ್ತಿರಲಿಲ್ಲ. ಗೆಳೆಯನ ಮಾತಿನಲ್ಲೇ ಗೆಳೆಯನ ಜೊತೆ ಮಾತಾಡುವುದು ಮರ್ಯಾದೆ ಎಂದು ಅವನ ಲೆಕ್ಕ.

ಒಮ್ಮೆ ನಡು ಸಮುದ್ರದ ಒಂದು ಮರಳುದಿಬ್ಬದ ಮೇಲೆ ಅಳತೆಯ ಕಂಬ ನೆಟ್ಟರು. ನೀರು ತಾಸು ತಾಸಿಗೆ ಎಷ್ಟು ಏರುತ್ತದೆ, ಎಷ್ಟು ಇಳಿಯುತ್ತದೆ ಎಂದು ನೋಡಲು ಕಾಶೀಮನನ್ನೂ ಇಬ್ಬರು ಖಲಾಸಿಗಳನ್ನೂ ಅಲ್ಲಿ ಬಿಟ್ಟು ಹಡಗು ಬೇರೆ ಕಡೆ ಅಳೆಯಲು ಹೋಗಬೇಕು. ಕಾಶೀಮನಿಗೆ ಬರೆಯಲು ಬಾರದು. ಅದಕ್ಕೆ ತಾಸಿಗೊಂದು ಗಂಟು, ನೀರಿನ ಮಟ್ಟಕ್ಕೆ ತಕ್ಕಂತೆ ಗಂಟಿನ ಗಾತ್ರ ಎಂದು ತನ್ನದೇ ಒಂದು ಲೆಕ್ಕ ಮಾಡಿಕೊಂಡಿದ್ದ. ಕಪ್ತಾನ ಮಾಸ್ತರರಿಗೆ ಹೇಳಿದ, ಅವರನ್ನು ಯಾವಾಗ ಕರೆದೊಯ್ಯಬೇಕು ಎಂದು ಅವನನ್ನೇ ಕೇಳಿ ಬರೆದುಕೋ, ನೀರನ್ನು ಬಲ್ಲವನು ಅವನು. ಮಾಸ್ತರರು ಕೇಳಿದರು. ಕಾಶೀಮ ದಿಬ್ಬ ನೋಡಿದ, ಚಂದ್ರನ ಲೆಕ್ಕ ಹಾಕಿದ, ಕನ್ನಡದಲ್ಲಿ ಹೇಳಿದ:

"ಸುಕ್ರಾರ ರಾತ್ರಿ ಬಂದು ಒಯ್ಯರಿ. ಅದಾದ ಮ್ಯಾಲ ಹುಣ್ಣಿವಿ ನೀರು ಏರತದ, ನಿಂದ್ರಾಕ ಆಗೂದಿಲ್ಲ."

ಮಾಸ್ತರರು ಶುಕ್ರವಾರ ರಾತ್ರಿ ಎಂದು ಇಂಗ್ಲಿಷಿನಲ್ಲಿ ಬರೆದರು.

ಇಲ್ಲಿಗೆ ನಿಲ್ಲಿಸಿ ಅವರು ನನ್ನ ಮುಖದ ಕಡೆ ತಿರುಗಿದರು. "ತಿಳೀತೇನು?"

ನನಗೆ ತಿಳಿಯಲಿಲ್ಲ.

"ದರ್ಗಾಕ್ಕ ಯಾವತ್ತ ಹೋಗ್ತೀವೋ ನಾವೆಲ್ಲ?"

"ಜುಮೇರಾತ್ ದಿನ. ಬೇಸ್ತವಾರ."

"ಜುಮೇರಾತ್ ಅಂದ್ರೇನು? ಜುಮ್ಮಾದ ರಾತ್ರಿ. ಸುಕ್ರಾರದ ರಾತ್ರಿ. ಅವರಿಗೆ ರಾತ್ರಿ ಮೊದಲ ಬರ್ತದ, ಹಗಲು ಆಮ್ಯಾಲ. ಬೇಸ್ತವಾರ ಹೊತ್ತು ಮುಣುಗಿದ್ರ ಸುಕ್ರಾರ ರಾತ್ರಿ ಆಯ್ತು. ಅವ ಜುಮೇರಾತ್ ಅಂದಿದ್ರ ಮುಗೀತಿತ್ತು, ಕಲಬುರ್ಗ್ಯಾಗ ಕೂಸಿಗೂ ಅದು ಗೊತ್ತದ. ನನ್ನ ಸಲುವಾಗಿ ಅವ ಅದನ್ನ ಕನ್ನಡ ಮಾಡಿದ. ನಾ ಸಾಹೇಬರ ಸಲುವಾಗಿ ಇಂಗ್ಲಿಷ್ ಮಾಡಿದೆ. ಒಂದು ದಿನ ನಡುವ ಬಿದ್ದು ಹೋಯ್ತು."

ಹಡಗು ಶುಕ್ರವಾರ ಹೊತ್ತು ಮುಳುಗುವಾಗ ಬಂದಿತು. ದಿಬ್ಬ ನೀರಿನಡಿ ಇತ್ತು. ಕಂಬ ಒಂದೇ ನಿಂತಿತ್ತು, ಅದಕ್ಕೆ ಈ ಹಗ್ಗ ಬಿಗಿದಿತ್ತು. ಮೂವರೂ ಇರಲಿಲ್ಲ.

ಮಾಸ್ತರರು ಹಗ್ಗವನ್ನು ನನ್ನ ಕೈಗೆ ಕೊಟ್ಟು, ಹಸಿರು ಚೂರಿನ ಮೇಲೆ ನನ್ನ ಬೆರಳಿಟ್ಟರು. "ಇದು ಬೇಸ್ತವಾರ ಹೊತ್ತು ಮುಣುಗಿದ ಗಂಟು. ಹಡಗ ಬರೋ ತಾಸು ಅಂತ ಗುರುತಿಗೆ ಅರಿವಿ ಕಟ್ಟ್ಯಾನ. ಇದನ್ನ ನೋಡಿದ ಕೂಡ್ಲೇ ನನಗ ಎಲ್ಲಾ ತಿಳೀತು. ಇದರ ಮುಂದ ಎಣಸು."

ಎಣಿಸಿದೆ. ಹದಿನಾರು ಗಂಟು. ಕೊನೆಕೊನೆಯವು ದಪ್ಪಗಿದ್ದವು, ಸಡಿಲಾಗಿದ್ದವು, ಆದರೂ ಒಂದೂ ತಪ್ಪಿರಲಿಲ್ಲ. ಸುಳ್ಳೇಕೆ ಹೇಳಲಿ, ಹಗ್ಗ ಕೆಳಗಿಟ್ಟು ಅತ್ತುಬಿಟ್ಟೆ.

ವಿಚಾರಣೆ ನಡೆಯಿತಂತೆ. ಕಪ್ತಾನನ ಪುಸ್ತಕಕ್ಕೂ ಡಾಕ್ಟರನ ಪುಸ್ತಕಕ್ಕೂ ದಿನ ಕೂಡಲಿಲ್ಲ. ದಿನಗಣನೆಯ ಗೊಂದಲ ಎಂದು ಬರೆದು ಮುಗಿಸಿದರು. ಯಾರೂ ಗುಮಾಸ್ತನನ್ನು ಕೇಳಲಿಲ್ಲ. ಇವರೂ ಬಾಯಿ ಬಿಡಲಿಲ್ಲ. "ನಾ ಬರಿಯೂವಾಗ ಸಾರಂಗ ನನ್ನ ಬಾಜೂಕಽ ನಿಂತಿದ್ದ. ಇಂಗ್ಲಿಷ್ ಅವಂಗ ಬರೂದಿಲ್ಲ, ಕನ್ನಡಾನೂ ಬರೂದಿಲ್ಲ, ಆದ್ರ ಸುಕ್ರಾರ, ರಾತ್ರಿ ಅನ್ನೂ ಎರಡು ಮಾತು ತಿಳೀತಾವ. ಕಾಶೀಮ ಅಂದ ಮಾತು ಅಂದಂಗ ಬರದು ಒಂದ ಸರ್ತಿ ಓದಿ ಹೇಳಿದ್ರ, ಇದು ಜುಮೇರಾತ್ ಅಲ್ಲೇನ್ರೀ ಅಂತ ಅವ ಕೇಳ್ತಿದ್ದ. ಒಂದ ಖಾನಾ ಇದ್ರ ಮೂರು ಜೀವ ಉಳೀತಿದ್ವು. ಅದನ್ನ ನೀ ಅಕ್ಷರ ಚೆಂದ ಕಾಣಲಿ ಅಂತ ಬಿಟ್ಟಿ."

ಅವರು ಇದನ್ನು ಸಿಟ್ಟಿನಿಂದ ಹೇಳಲಿಲ್ಲ. ಹವೆಯ ವಿಷಯ ಹೇಳುವ ಹಾಗೆ ಹೇಳಿದರು.

ಹುಸೇನಬಿಗೆ ಏನು ಹೇಳಿದಿರಿ ಎಂದು ಕೇಳಿದೆ. ಆಗ ಅವರು ಮುಖ ಬೇರೆ ಕಡೆ ತಿರುಗಿಸಿದರು. ಶುಕ್ರವಾರ ರಾತ್ರಿ ದೋಣಿ ಮಗುಚಿತು, ಒಂದು ಗಳಿಗೆಯಲ್ಲಿ ಮುಗಿಯಿತು, ಅವನಿಗೆ ನೋವು ತಿಳಿಯಲಿಲ್ಲ ಎಂದು ಹೇಳಿದ್ದರಂತೆ. ಅಂದಿನಿಂದ ವರ್ಷಕ್ಕೊಮ್ಮೆ, ಅವಳು ಮಗನ ಹೆಸರಲ್ಲಿ ಸತ್ತವರ ಪ್ರಾರ್ಥನೆ, ಫಾತೆಹಾ, ಓದಿಸಿದ ಮೇಲೆ, ಕಮಲಾಪುರಕ್ಕೆ ಹೋಗಿ ಅವಳ ಅಂಗಳದಲ್ಲಿ ಕೂತು ಬರುತ್ತಿದ್ದರು. ಆ ದಿನವೇ ಹೋಗುವ ಧೈರ್ಯ ಎಂದೂ ಬಂದಿರಲಿಲ್ಲ. ಅವಳು ಪ್ರತಿ ಸಲ "ಮಗಾ" ಎಂದು ಕರೆದು, ಹೊರಡುವಾಗ ಒಂದು ಚಿಪ್ಪು ಕೆಂಪು ಬಾಳೆಹಣ್ಣು ಕೊಡುವಳು. ಆ ಹಣ್ಣನ್ನು ಅವರು ಎಂದೂ ತಿನ್ನುತ್ತಿರಲಿಲ್ಲ. ನನಗೇ ಎಷ್ಟೋ ಸಲ ಕೊಟ್ಟಿದ್ದರು. ರುಚಿಯಾಗಿವೆ ಎಂದು ನಾನು ಚಪ್ಪರಿಸಿ ತಿಂದಿದ್ದೆ.

"ಖಾನಾ ಬಿಟ್ಟೀನಿ ಅಂತ ನೀ ಒಂದ ಮಾತಿನ್ಯಾಗ ಒಪ್ಪಕೊಂಡಿ," ಎಂದರು ಮಾಸ್ತರರು. "ನನಗ ಇಷ್ಟ ವರ್ಷ ಹಿಡೀತು. ನಾಳೆ ಬಂಡಿ ಕಟ್ಟಸು. ಕಮಲಾಪುರಕ್ಕ ಹೋಗೂಣು."

"ಬ್ಯಾಡ್ರೀ. ಮುದುಕಿ ಅದಾಳ. ಇದನ್ನ ಕೇಳಿ ಅಕಿಗೇನ್ ಬರ್ತದ?" ಎಂದೆ. ಅವರು ಹಗ್ಗ ಸುತ್ತತೊಡಗಿದರು.

ಕತ್ತಲೆ ಇರುವಾಗಲೇ ಹೊರಟು, ಎರಡು ಕಡೆ ಎತ್ತು ಬಿಚ್ಚಿ, ಕಮಲಾಪುರ ಮುಟ್ಟುವಾಗ ಮಧ್ಯಾಹ್ನ ಇಳಿದಿತ್ತು. ದಾರಿಯುದ್ದಕ್ಕೂ ಅವರು ಹಗ್ಗವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಕೆಂಪು ಮಣ್ಣು ಧೂಳೆದ್ದು ಇಬ್ಬರ ಮೈಮೇಲೂ ಕೂತಿತ್ತು. ಹುಸೇನಬಿ ಬಾಗಿಲಲ್ಲೇ ಇದ್ದಳು. ಹಣ್ಣಾದ ಮುದುಕಿ, ಆದರೆ ಕಣ್ಣು ಚುರುಕು.

"ಬಾ ಮಗಾ, ಈ ಸಲ ಹೊತ್ತಲ್ಲದ ಹೊತ್ತಿನ್ಯಾಗ ಬಂದೀ? ಮನ್ಯಾಗ ಎಲ್ಲಾರೂ ಆರಾಮ ಅದಾರಿಲ್ಲ? ಇಂವ ಯಾರು?"

ಮಾಸ್ತರರು ಕೂಡಲಿಲ್ಲ. ನಿಂತೇ ಹೇಳಿದರು. ಹೆದರಿಕೆಯೋ ಏನೋ, ಬಹಳ ವೇಗವಾಗಿ ಹೇಳಿದರು. ದೋಣಿ ಮಗುಚಲಿಲ್ಲ, ದಿಬ್ಬ ಮುಳುಗಿತು, ಅವನು ಜುಮೇರಾತ್ ಎಂಬ ಅರ್ಥದಲ್ಲಿ ಸುಕ್ರಾರ ರಾತ್ರಿ ಅಂದ, ನಾನು ಒಂದು ದಿನ ತಡವಾಗಿ ಬರೆದೆ ಎಂದು. ಹೇಳಿ, ಹಗ್ಗವನ್ನು ಅವಳ ಮುಂದೆ ಚಾಚಿದರು.

ಅವಳು ಅಳುತ್ತಾಳೆ, ಎದೆ ಬಡಿದುಕೊಳ್ಳುತ್ತಾಳೆ ಎಂದು ನಾನು ಕಾದೆ. ಅವಳು ಹಗ್ಗ ತೆಗೆದುಕೊಂಡು ಬೆರಳಾಡಿಸತೊಡಗಿದಳು. ಬಾವಿಗೆ ಇಳಿಯುವವರ ಮನೆಯ ಹೆಂಗಸು, ಗಂಟು ಓದಲು ಅವಳಿಗೆ ಯಾರೂ ಕಲಿಸಬೇಕಿರಲಿಲ್ಲ. ಹಸಿರು ಚೂರು ಸಿಕ್ಕಾಗ ಬೆರಳು ನಿಂತಿತು.

"ಇದು ನನ್ನ ಕುಪ್ಪಸದ ಅರಿವಿ. ಅವನ ರುಮಾಲಿಗೆ ಅಂಚು ಹಚ್ಚಿದ್ದೆ," ಎಂದಳು. "ಇದು ಯಾವ ತಾಸು?"

"ಬೇಸ್ತವಾರ ಹೊತ್ತು ಮುಣುಗಿದ್ದು, ಅವ್ವಾ."

ಅವಳು ಮುಂದಿನ ಗಂಟುಗಳನ್ನು ಎಣಿಸಿದಳು. ಎರಡು ಸಲ ಎಣಿಸಿದಳು. ಆಮೇಲೆ ಒಂದು ಮಾತು ಕೇಳಿದಳು. ನಾನು ಅದಕ್ಕೆ ತಯಾರಿರಲಿಲ್ಲ, ಮಾಸ್ತರರೂ ಇರಲಿಲ್ಲ.

"ನನ್ನ ಮಗ ಸುಕ್ರಾರ ರಾತ್ರಿ ಸತ್ತ ಅಂತ ಹೇಳಿದ್ದಿ ಅಲ್ಲೇನು ನನಗ?"

"ಹೌದು."

"ಸುಕ್ರಾರ ರಾತ್ರಿ ಅಂದ್ರ ನಮ್ಮ ಮನ್ಯಾಗ ಜುಮೇರಾತ್. ನಾನೂ ಹಂಗಽ ತಿಳಕೊಂಡೆ. ಆ ಚಂದ್ರಾಮನ ತಾರೀಕು ಹಿಡದು, ವರ್ಷ ವರ್ಷ ಅದೇ ರಾತ್ರಿ ಫಾತೆಹಾ ಓದಿಸಿದೆ." ಅವಳ ಧ್ವನಿ ಏರಲಿಲ್ಲ. "ಆ ರಾತ್ರಿ ನನ್ನ ಮಗ ಜೀವಂತ ಇದ್ದ. ಗಂಟು ಕಟ್ಟಗೋಂತ ನಿನ್ನ ದಾರಿ ನೋಡಾಕತ್ತಿದ್ದ. ಜೀವಂತ ಇದ್ದ ಮಗನ ಹೆಸರಿಲೆ ನಾ ಇಷ್ಟ ವರ್ಷ ಸತ್ತವರ ಊಟ ಹಾಕಿಸಿದೆ."

ಒಂದು ದಿನ ಅಳಿಸಿಹೋದದ್ದು ಒಂದೇ ಸಲ ಎಂದು ಮಾಸ್ತರರು ತಿಳಿದಿದ್ದರು. ಅದೇ ಮಾತನ್ನು ಅವರೇ ತಾಯಿಗೆ ತಂದು ಹೇಳಿ, ಎರಡನೇ ಸಲವೂ ಅಳಿಸಿದ್ದರು. ಇಷ್ಟು ವರ್ಷ ಗಡಿಯಾರ, ಸೂರ್ಯ ಎಲ್ಲಾ ನೋಡಿದ ಮನುಷ್ಯನಿಗೆ ಇದು ಹೊಳೆದಿರಲಿಲ್ಲ.

"ಅವ್ವಾ," ಎಂದರು.

"ಹಂಗ ಅನಬ್ಯಾಡ. ನಾ ನಿನಗ ಇಷ್ಟ ದಿನ ಮಗಾ ಅಂದೆ. ಅದನ್ನ ಹೊಳ್ಳಿ ಕೊಟ್ಟು ಹೋಗು."

ಹಗ್ಗವನ್ನು ಅವಳು ಕೊಡಲಿಲ್ಲ. ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಪಡಸಾಲೆಯ ಗೂಟಕ್ಕೆ ಕೆಂಪು ಬಾಳೆಯ ಗೊನೆ ತೂಗುತ್ತಿತ್ತು. ನಾವು ಬಂಡಿ ಹತ್ತಿದೆವು.

ಆಮೇಲೆ ಅವರು ಬಹಳ ದಿನ ಉಳಿಯಲಿಲ್ಲ. ಪಾಠ ಬಿಟ್ಟರು, ಗಂಜ್‌ಗೆ ಹೋಗುವುದು ಬಿಟ್ಟರು. ಗಡಿಯಾರಕ್ಕೆ ಕೀಲಿ ಕೊಡುವುದನ್ನೂ ಬಿಟ್ಟರು. ಒಂದನ್ನು ಮಾತ್ರ ಬಿಡಲಿಲ್ಲ. "ಹನ್ನೆರಡು ಖಾನಾ ಹಾಕಿ ಮತ್ತ ಆರು ಪ್ರತಿ ಮಾಡು," ಎಂದರು. ಮಾಡಿದೆ. ಈ ಸಲ ನನ್ನ ಅಕ್ಷರ ಇಕ್ಕಟ್ಟಾಯಿತು, ಒರಟಾಯಿತು. ನನಗೇನೂ ಅನ್ನಿಸಲಿಲ್ಲ. ಕೊನೆಯ ಗೆರೆಯನ್ನು ನಿಬ್ಬು ಒತ್ತಿ ಎಳೆದೆ, ಕಾಗದ ಹರಿಯುವಷ್ಟು, ಕಾಣದ ಕಣ್ಣಿನವರ ಬೆರಳಿಗೆ ಅದು ತಿಳಿಯಲಿ ಎಂದು. ಅವರು ಆರು ಹಾಳೆಯ ಮೇಲೂ ಬೆರಳು ಎಳೆದು ನೋಡಿ, ಆಮೇಲೆ ಸಹಿ ಮಾಡಿದರು. ಟಪಾಲಿಗೆ ಹಾಕಿದೆ. ಖರೆ ಹೇಳುತ್ತೇನೆ, ಆರೂ ಹಾಕಿದೆ.

ಅವರಿಗೆ ಜ್ವರ ಬಂತು. ಎಂಟು ದಿನ ಮಲಗಿದರು. ಒಂದು ಸೋಮವಾರ ನಡು ಮಧ್ಯಾಹ್ನ ಹೋದರು. ಕಮಲಾಪುರಕ್ಕೆ ಸುದ್ದಿ ಮುಟ್ಟಿಸಲು ನಾನೇ ಹೋದೆ. ಹೋಗಬೇಕಿರಲಿಲ್ಲ, ಆದರೂ ಹೋದೆ. ಹುಸೇನಬಿ ಬಾಗಿಲು ತೆಗೆದು, ಒಳಗೆ ಕರೆಯದೆ ಕೇಳಿದಳು, "ಯಾವಾಗ?"

"ಸೋಮವಾರರೀ. ಹಗಲು. ಹೊತ್ತು ನೆತ್ತಿ ಮ್ಯಾಲ ಇತ್ತು, ನಾ ಕೀಲಿ ಕೊಟ್ಟ ಗಡಿಯಾರದಾಗ ಹನ್ನೆರಡು ಹೊಡದಿತ್ತು. ನಾ ಬಾಜೂಕ ಇದ್ದೆ."

"ಸಾವಿನ ಸುದ್ದಿ ಹಿಂಗ ಹೇಳಬೇಕು," ಎಂದು ಬಾಗಿಲು ಮುಂದೆ ಮಾಡಿದಳು.

ಮಾಸ್ತರರು ಹೋಗಿ ಎರಡು ಮಳೆಗಾಲ ಕಳೆದ ಮೇಲೆ ಅವರ ಹೆಂಡತಿ ಹೇಳಿಕಳಿಸಿದರು. ಸಮುದ್ರದ ಕಡೆಯ ಒಂದು ಕಚೇರಿಯಿಂದ ದಪ್ಪನೆ ಲಕೋಟೆ ಬಂದಿತ್ತು. ಅವರಿಗೆ ಓದಲು ಬಾರದು. ಬಾಗಿಲಲ್ಲೇ ಕಾಯುತ್ತಾ ನಿಂತಿದ್ದರು. ಒಡೆದೆ. ಒಳಗೆ ಅಚ್ಚು ಹಾಕಿದ ಹಾಳೆಗಳು, ಮಾಸ್ತರರ ನಮೂನೆಯೇ, ಒಂದೊಂದು ಮಾತೂ ಅವರದೇ. ಇನ್ನು ಮುಂದೆ ತಮ್ಮ ಹಡಗುಗಳ ಮೇಲೆ ಎಲ್ಲ ಕೆಲಸವನ್ನೂ ಈ ಹಾಳೆಯಲ್ಲೇ ಬರೆಯಬೇಕು ಎಂದು ಹುಕುಂ ಆಗಿದೆ ಎಂದು ಜೊತೆಗಿದ್ದ ಕಾಗದ ಹೇಳುತ್ತಿತ್ತು. ಮೊದಲು ಕಳಿಸಿದ ಪ್ರತಿಯನ್ನು ಕೂಡಲೇ ಅಚ್ಚಿಗೆ ಕೊಡಲಾಗಿತ್ತಾದ್ದರಿಂದ ಆಮೇಲೆ ಬಂದವನ್ನು ನೋಡುವ ಅಗತ್ಯ ಬೀಳಲಿಲ್ಲ, ನಮೂನೆಯಲ್ಲಿ ಯಾವ ಕೊರತೆಯೂ ಕಂಡುಬಂದಿಲ್ಲ ಎಂದೂ ಇತ್ತು.

ನಾನು ಖಾನೆ ಎಣಿಸಿದೆ. ಹನ್ನೊಂದು. ಅಚ್ಚಿನಲ್ಲಿ ಬಹಳ ಚೆಂದ ಕಾಣುತ್ತಿದ್ದವು.

"ಏನ್ ಬರದಾರ್ರೀ?" ಎಂದು ಅವರ ಹೆಂಡತಿ ಕೇಳಿದರು.

ಆ ಮುಖ ನೋಡಿ ನಾನು ಹಾಳೆಗಳನ್ನು ಮಡಚಿದೆ. ಮಾಸ್ತರರು ಹುಸೇನಬಿಯ ಅಂಗಳದಲ್ಲಿ ಮೊದಲ ಸಲ ಹೇಗೆ ನಿಂತಿರಬೇಕು ಎಂದು ನನಗೆ ಅಂದು ತಿಳಿಯಿತು.

"ಎಲ್ಲಾ ಬರೋಬ್ಬರಿ ಅದ ಅಂತ ಬರದಾರ್ರೀ," ಎಂದೆ.